ಕಿತ್ತಳೆ ಬಣ್ಣದ ಚುಕ್ಕೆ

ಜೂನ್ ೪

ದೊಡ್ಡವಳಿಗೆ,

ನಿನ್ನ ಕಾಗದ ಮೊನ್ನೆ ತಲುಪಿತು. ನಿನ್ನ ದನಿ ಈ ಮನೆಯಲ್ಲಿ ಕೇಳಬಾರದು ಎಂದು ಆರು ವರ್ಷದ ಹಿಂದೆ ಹೇಳಿದ್ದೆ. ಕಾಗದಕ್ಕೆ ದನಿಯಿಲ್ಲವಲ್ಲ ಎಂದು ಬರೆದಿದ್ದೀಯ. ಜಾಣತನಕ್ಕೇನೂ ಕಡಿಮೆಯಿಲ್ಲ. ಆದರೆ ನಾನು ಅಂದದ್ದನ್ನು ಅಂದ ಹಾಗೆಯೇ ನಡೆಸಿದವಳು ಈ ಮನೆಯಲ್ಲಿ ನೀನೊಬ್ಬಳೇ. ಅದಕ್ಕಾಗಿ ಉತ್ತರ ಬರೆಯುತ್ತಿದ್ದೇನೆ. ಫೋನ್ ಮಾಡಬೇಡ. ಆಡಿದ ಮಾತು ಆಡಿದ್ದೇ.

ನಿನಗೆ ಮಬ್ಬು ಬೆಳಕಿನಲ್ಲಿ ಕಾಣುತ್ತಿಲ್ಲ, ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕಣ್ಣಿನ ವೈದ್ಯರು ವಿಚಾರಿಸಿದ್ದಾರೆ ಎಂದು ಬರೆದಿದ್ದೀಯ. ನನ್ನ ಅಪ್ಪನಿಗೆ ಕೊನೆಕೊನೆಗೆ ಕಣ್ಣು ಕಾಣುತ್ತಿತ್ತೇ, ನನಗೆ ಈಗ ಹೇಗಿದೆ ಎಂದು ಕೇಳಿದ್ದೀಯ.

ನಿನ್ನ ತಾತ ಬೀಗ ರಿಪೇರಿಯವರು. ಎಪ್ಪತ್ತರ ವಯಸ್ಸಿನಲ್ಲೂ ಅವರ ಕೈಗೆ ಬಗ್ಗದ ಬೀಗ ಇರಲಿಲ್ಲ. ಕಣ್ಣಿಲ್ಲದವರು ಬೀಗದ ಕೆಲಸ ಮಾಡುತ್ತಾರೆಯೇ? ನನ್ನ ವಿಷಯಕ್ಕೆ ಬಂದರೆ, ಈ ಹೊತ್ತಿಗೂ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತೇನೆ. ಅಂಗಡಿಯಲ್ಲಿ ಗುಂಡಿ ಹಾಕುವವಳು ನಿನಗೆ ನೆನಪಿರಬೇಕು, ನೀನು ಹೋಗುವ ವರ್ಷ ಸೇರಿದವಳು; ಈಗ ಎಲ್ಲರಿಗೂ ಗುಂಡಿಯಮ್ಮ. ಅವಳಿಗೆ ಮೂವತ್ತೈದೂ ತುಂಬಿಲ್ಲ. ದಾರಕ್ಕೆ ಮೂರು ಸಲ ಎಂಜಲು ಹಚ್ಚಿ, ಕೊನೆಗೆ ಸೂಜಿಯನ್ನು ನನ್ನ ಮುಂದೆ ಹಿಡಿಯುತ್ತಾಳೆ. ಸಂಜೆ ಬೆಳಕು ಇಳಿಯುವ ಮೊದಲೇ ಅಂಗಡಿ ಮುಚ್ಚುತ್ತೇನೆ, ಅದು ಮೊದಲಿಂದಲೂ ಇರುವ ಶಿಸ್ತು.

ನಮ್ಮ ವಂಶದಲ್ಲಿ ಕಣ್ಣಿನ ದೋಷವಿಲ್ಲ. ಇದನ್ನೇ ನಿನ್ನ ವೈದ್ಯರಿಗೆ ಹೇಳು.

ನಿನ್ನ ತಮ್ಮನಿಗೆ ಹೆಣ್ಣು ಗೊತ್ತಾಗಿದೆ. ಔಷಧಿ ಅಂಗಡಿಯವರ ಎರಡನೆಯ ಮಗಳು. ಆಗಸ್ಟ್ ಹನ್ನೊಂದಕ್ಕೆ ಮದುವೆ. ಮಾತುಕತೆಗೆ ಬಂದ ದಿನ ಹುಡುಗಿಯ ದೊಡ್ಡಪ್ಪ ಕಾಲಮೇಲೆ ಕಾಲು ಹಾಕಿ ಕೂತು, "ನೋಡೀಮ್ಮಾ, ನಾವು ಔಷಧಿ ಮಾರೋರು. ಔಷಧಿ ಕುಡಿಯೋ ಮನೆಗೆ ಹುಡುಗಿ ಕೊಡಲ್ಲ" ಅಂದರು. "ನಮ್ಮ ಮನೇಲಿ ಇರೋ ಕಾಯಿಲೆ ಒಂದೇ, ನನ್ನ ಕೋಪ. ಅದಕ್ಕೆ ನಿಮ್ಮಂಗಡೀಲೂ ಔಷಧಿ ಇಲ್ಲ" ಅಂದೆ. ಎಲ್ಲರೂ ನಕ್ಕರು. ಅಲ್ಲಿಗೆ ಮಾತು ಮುಗಿಯಿತು. ನೀನು ಈಗ ಕಾಗದದ ಮೇಲೆ ಕಾಗದ ಬರೆದು ಅದನ್ನು ಮತ್ತೆ ತೆರೆಯಬೇಡ.

ಪ್ರಯೋಗಾಲಯದಲ್ಲಿ ಪಾಚಿ ಸಾಕುವ ಕೆಲಸ ಎಂದಿದ್ದೀಯ. ಜನ ಪಾಚಿಯನ್ನು ಉಜ್ಜಿ ತೊಳೆಯಲು ಆಳು ಇಡುತ್ತಾರೆ. ಸಾಕಲು ಆಳು ಇಡುವವರನ್ನು ಈಗಲೇ ಕೇಳಿದ್ದು.

ಅಮ್ಮ


ಜೂನ್ ೨೧

ಅಮ್ಮನಿಗೆ,

ನಿನ್ನ ಅಕ್ಷರ ನೋಡಿ ಮೊದಲು ಅಂಚೆಯವರು ತಪ್ಪಿ ಬೇರೆ ಯಾರದೋ ಕಾಗದ ಹಾಕಿದ್ದಾರೆ ಅಂದುಕೊಂಡೆ. ಮೊದಲೆಲ್ಲ ಗೆರೆ ಎಳೆದ ಹಾಗೆ ಬರೆಯುತ್ತಿದ್ದೆ. ಈಗ ಸಾಲುಗಳು ಬಲಕ್ಕೆ ಹೋಗುತ್ತ ಇಳಿಯುತ್ತವೆ.

ಪಾಚಿ ಅಂದರೆ ತೊಟ್ಟಿಯ ಗೋಡೆಯ ಪಾಚಿಯಲ್ಲ. ನಮ್ಮಲ್ಲಿ ನೂರಾ ನಲವತ್ತು ಗಾಜಿನ ಕೊಳವೆಗಳಿವೆ, ಎಲ್ಲದರಲ್ಲೂ ಹಸಿರು ನೀರು. ಆ ಹಸಿರೆಲ್ಲ ಜೀವಿಗಳು. ಒಂದೊಂದೂ ಒಂದೇ ಒಂದು ಕೋಶ. ತಲೆಯಿಲ್ಲ, ಮಿದುಳಿಲ್ಲ, ನರವಿಲ್ಲ. ಮುಂದೆ ಎರಡು ಎಳೆ, ಅವನ್ನು ಬಡಿದು ಈಜುತ್ತವೆ. ಆದರೂ ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದು ಅವಕ್ಕೆ ಗೊತ್ತು. ತಟ್ಟೆಯ ಒಂದು ಬದಿಗೆ ಬೆಳಕು ಬಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲವೂ ಆ ಅಂಚಿಗೆ ಹೋಗಿ ಹಸಿರು ಗೆರೆಯಾಗುತ್ತವೆ. ಬೆಳಕು ಅತಿಯಾದರೆ ಬೆನ್ನು ತಿರುಗಿಸುತ್ತವೆ.

ಅದು ಹೇಗೆ ಅಂತ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿದ್ದೆ. ಅವುಗಳ ಪಕ್ಕೆಯಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ ಇರುತ್ತದೆ. ನೋಡಿದವರೆಲ್ಲ ಅದೇ ಕಣ್ಣು ಅಂದುಕೊಳ್ಳುತ್ತಾರೆ. ಅಲ್ಲ. ಬೆಳಕನ್ನು ಹಿಡಿಯುವುದು ಆ ಚುಕ್ಕೆಯ ಮೇಲಿನ ತೆಳು ಪೊರೆ. ಚುಕ್ಕೆ ಬರೀ ಮರೆ, ಹಿಂದಿನಿಂದ ಬರುವ ಬೆಳಕನ್ನು ತಡೆಯುತ್ತದೆ. ಜೀವಿ ತನ್ನ ಸುತ್ತ ತಾನೇ ತಿರುಗುತ್ತ ಈಜುವುದರಿಂದ ಬೆಳಕು ಒಮ್ಮೆ ತಾಗುತ್ತದೆ, ಒಮ್ಮೆ ಮರೆಯಾಗುತ್ತದೆ. ಆ ವ್ಯತ್ಯಾಸದಿಂದಲೇ ದಿಕ್ಕು. ಮರೆ ಇಲ್ಲದಿದ್ದರೆ ಬೆಳಕಿದೆ ಅಂತ ಗೊತ್ತಾಗುತ್ತದೆ, ಎತ್ತ ಹೋಗಬೇಕು ಅಂತ ಸರಿಯಾಗಿ ಗೊತ್ತಾಗುವುದಿಲ್ಲ.

ಕೆಲವು ಕೊಳವೆಗಳಲ್ಲಿ ಹುಟ್ಟು ಕುರುಡು ಜಾತಿಗಳನ್ನು ಇಟ್ಟಿದ್ದರು. ಅದರಲ್ಲೊಂದು ಇಲ್ಲೇ ಸಿಕ್ಕಿದ್ದು, ಬೇರೆಲ್ಲೂ ಇಲ್ಲ. ಮೂವತ್ತೊಂದು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಹಳೆಯ ಕೊಳವೆಯಿಂದ ಹೊಸದಕ್ಕೆ ಒಂದು ಹನಿ ಹಾಕಿ ಯಾರಾದರೂ ಉಳಿಸಿಕೊಂಡು ಬಂದಿದ್ದಾರೆ. ಐದು ವರ್ಷದಿಂದ ಆ ಯಾರಾದರೂ ನಾನು. ಅವುಗಳ ಕತ್ತಲ ಹೊತ್ತಿನಲ್ಲಿ ಈ ಕೆಲಸ ಮಾಡಬೇಕು. ಅವುಗಳ ಕತ್ತಲು ಅಂದರೆ ನಮ್ಮ ಮಧ್ಯಾಹ್ನ. ಕಿಟಕಿಯಿಲ್ಲದ ಕೋಣೆ, ಮಂದವಾದ ಒಂದು ಕೆಂಪು ದೀಪ. ಆ ಬೆಳಕಿನಲ್ಲಿ ಚೀಟಿ ಓದಲು ನನಗೆ ಯಾವತ್ತೂ ಆಗಿಲ್ಲ. ಯಾರಿಗೂ ಆಗುವುದಿಲ್ಲ ಅಂದುಕೊಂಡಿದ್ದೆ. ನಾನು ಕಲಿತದ್ದು ನಿನ್ನ ಮನೆಯಲ್ಲಲ್ಲವೇ? ಕತ್ತರಿ ಎಡಕ್ಕೆ, ಸೀಮೆಸುಣ್ಣ ಬಲಕ್ಕೆ, ಮುಕ್ಕಾಲಿ ಗೋಡೆಗೆ. ಚೀಟಿ ನೋಡಲಿಲ್ಲ, ಜಾಗ ನೋಡಿದೆ. ಎರಡನೆಯ ಸಾಲು, ಎಡದಿಂದ ನಾಲ್ಕನೆಯದು.

ಫೆಬ್ರವರಿಯಲ್ಲಿ ಹೊಸದಾಗಿ ಬಂದ ಸಂಶೋಧಕಿ ಎರಡು ಸಾಲುಗಳನ್ನು ಅದಲುಬದಲು ಮಾಡಿದ್ದಳು. ಐದು ಸಲ ನಾನು ಕುರುಡು ಜಾತಿ ಅಂದುಕೊಂಡು ಬೆಳಕು ಕಾಣುವ ಜಾತಿಯ ಹನಿ ಹಾಕಿದ್ದೇನೆ. ಹಳೆಯ ಕೊಳವೆಗಳನ್ನು ನಿಯಮದ ಪ್ರಕಾರ ಬಿಸಾಡಿದ್ದೇನೆ. ಮೇ ತಿಂಗಳಲ್ಲಿ ತಟ್ಟೆಯ ಒಂದು ಬದಿಗೆ ಬೆಳಕು ಬಿಟ್ಟಾಗ ಕುರುಡು ಅಂದುಕೊಂಡವೆಲ್ಲ ಸಾಲಾಗಿ ಬೆಳಕಿನ ಅಂಚಿಗೆ ಹೋದವು. ಎಲ್ಲರೂ ನನ್ನ ಮುಖ ನೋಡಿದರು.

ಸೆಪ್ಟೆಂಬರ್ ಹದಿನೈದಕ್ಕೆ ವಿಚಾರಣೆ. ಕಣ್ಣಿನ ಕಾಯಿಲೆ ಅಂತ ವೈದ್ಯರ ಪತ್ರವಿದ್ದರೆ ಹಗಲು ಬೆಳಕಿನ ಕಚೇರಿ ಕೆಲಸಕ್ಕೆ ಹಾಕುತ್ತಾರೆ. ಇಲ್ಲದಿದ್ದರೆ ಅಸಡ್ಡೆ ಅಂತ ಬರೆದು ತೆಗೆಯುತ್ತಾರೆ. ಆಮೇಲೆ ಬೇರೆ ಯಾವ ಪ್ರಯೋಗಾಲಯವೂ ನನ್ನನ್ನು ಸೇರಿಸುವುದಿಲ್ಲ. ಈಗ ಕಾಣುವ ಗುರುತುಗಳು ಸಾಲವು, ಹಿರಿಯರಲ್ಲಿ ಯಾರಿಗಾದರೂ ಇತ್ತು ಅಂತ ಮನೆಯವರೇ ಬರೆದುಕೊಟ್ಟರೆ ಧೈರ್ಯವಾಗಿ ಪತ್ರ ಕೊಡುತ್ತೇನೆ, ಇಲ್ಲವಾದರೆ ಪರೀಕ್ಷೆಗಳಿಗೆ ಆರೇಳು ತಿಂಗಳು ಬೇಕು ಅನ್ನುತ್ತಾರೆ ವೈದ್ಯರು.

ಅಮ್ಮ, ನನಗೆ ಒಂಬತ್ತು ವರ್ಷವಿದ್ದಾಗ ತಾತ ನನ್ನ ಮುಖವನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಹೆಸರು ಹೇಳುತ್ತಿದ್ದರು. ಅದನ್ನು ನಾನು ಆಟ ಅಂದುಕೊಂಡಿದ್ದೆ.

ಒಂದು ಸಾಲು ಸಾಕು.

ನಿನ್ನ ದೊಡ್ಡವಳು


ಜುಲೈ ೯

ದೊಡ್ಡವಳಿಗೆ,

ಅದು ಆಟವೇ. ಮುದುಕರು ಮಕ್ಕಳೊಂದಿಗೆ ಆಡುವುದಿಲ್ಲವೇ?

ತಪ್ಪು ನಿನ್ನದೂ ಹೌದು, ಆ ಸಂಶೋಧಕಿಯದೂ ಹೌದು. ಒಬ್ಬರು ಇಟ್ಟ ವಸ್ತುವನ್ನು ಇನ್ನೊಬ್ಬರು ಹೇಳದೆ ಕೇಳದೆ ಸರಿಸಿದರೆ ಏನಾಗುತ್ತದೆ ಎಂದು ನಿನಗೆ ಚೆನ್ನಾಗಿ ಗೊತ್ತು. ಆದರೆ ಚೀಟಿ ಅಂಟಿಸಿದ್ದು ಓದುವುದಕ್ಕೆ. ಓದಲು ಬಾರದ ಬೆಳಕಿದ್ದರೆ ಇನ್ನೊಬ್ಬರನ್ನು ಕರೆದು ಓದಿಸಬೇಕಿತ್ತು. ಕೇಳುವುದಕ್ಕೆ ನಿನಗೆ ಬಿಗುಮಾನ. ಅದು ಎಲ್ಲಿಂದ ಬಂತು ಎಂದು ಬರೆಯಬೇಡ, ನನಗೆ ಗೊತ್ತು. ನೂಲಿನಂತೆ ಸೀರೆ.

ನಿನ್ನ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೆ ಇನ್ನು ಒಂದು ತಿಂಗಳಲ್ಲಿ ನಿನ್ನ ತಮ್ಮನ ಮದುವೆ. ನನ್ನ ಕೈಬರಹದಲ್ಲಿ ನನ್ನ ಸಹಿಯ ಕೆಳಗೆ ಅಂಥ ಸಾಲೊಂದು ಹೊರಗೆ ಹೋದರೆ ಅದು ಎಲ್ಲೆಲ್ಲಿಗೆ ತಲುಪುತ್ತದೆ ಎಂದು ಯಾರು ಬಲ್ಲರು? ಔಷಧಿ ಅಂಗಡಿಗೆ ಬರದ ವೈದ್ಯರು ಯಾರಿದ್ದಾರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲ ಎಂದು ಒಮ್ಮೆ ಹೇಳಿದ್ದೇನೆ. ಅದನ್ನು ಬಿಚ್ಚಿ ಮತ್ತೆ ಹೊಲಿಯುವುದಿಲ್ಲ.

ಇಲ್ಲಿ ಶಾಲೆಗಳ ಸಮವಸ್ತ್ರದ ಗಡಿಬಿಡಿ. ನಾನೂರು ಅಂಗಿ ಬಾಕಿಯಿವೆ. ಅಂಚು ಕೊಂಚ ವಾಲಿದೆ ಎಂದು ಶಾಲೆಯವರು ಹನ್ನೆರಡು ಅಂಗಿ ವಾಪಸು ಕಳಿಸಿದರು. ಮೂವತ್ತೆಂಟು ವರ್ಷದಲ್ಲಿ ಇದೇ ಮೊದಲು. ಯಂತ್ರದ ತಪ್ಪು.

ಒಂದು ವಿಷಯ ಸುಮ್ಮನೆ ಕೇಳುತ್ತೇನೆ. ಗುಂಡಿಯಮ್ಮನಿಗೆ ನಿನ್ನ ಪಾಚಿಯ ಕಥೆ ಹೇಳಿದೆ, ಅವಳಿಗೆ ಕುತೂಹಲ. ಹುಟ್ಟು ಕುರುಡು ಎಂದೆಯಲ್ಲ, ಅವಕ್ಕೆ ಔಷಧಿ ಹಾಕಿ ಕಾಣುವಂತೆ ಮಾಡಲು ಆಗುತ್ತದೆಯೇ? ಆಗುವುದಾದರೆ ಅದು ಯಾವುದರಿಂದ ಮಾಡಿದ ಔಷಧಿ? ಕ್ಯಾರೆಟ್ ಒಳ್ಳೆಯದು ಎನ್ನುತ್ತಾರೆ. ಅವಳಿಗಾಗಿ ಕೇಳಿದ್ದು.

ಅಮ್ಮ


ಜುಲೈ ೨೭

ಅಮ್ಮನಿಗೆ,

ಗುಂಡಿಯಮ್ಮನಿಗೆ ಹೇಳು: ಒಂದು ಬಗೆಯ ಕುರುಡು ಜಾತಿಗೆ ಔಷಧಿ ಇದೆ. ಬೆಳಕು ಹಿಡಿಯುವ ಪೊರೆ, ಚುಕ್ಕೆ, ಈಜುವ ಎಳೆ ಎಲ್ಲ ಅವಕ್ಕೆ ಸರಿಯಾಗಿಯೇ ಇರುತ್ತದೆ, ಒಂದು ವಸ್ತು ಮಾತ್ರ ತಯಾರಾಗುವುದಿಲ್ಲ. ಕ್ಯಾರೆಟ್ಟಿನ ಬಣ್ಣದಿಂದ ನಮ್ಮ ಮೈಯಲ್ಲಿ ಆಗುವಂಥದ್ದೇ ಅದು. ನೀರಿಗೆ ಅದನ್ನು ಒಂದಿಷ್ಟು ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಬೆಳಕಿನ ಕಡೆ ತಿರುಗುತ್ತವೆ. ನಾನೇ ನೋಡಿದ್ದೇನೆ. ಆ ದಿನ ಮನೆಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ನಗುತ್ತಿದ್ದೆ.

ಆದರೆ ಮನುಷ್ಯರ ಈ ಕಾಯಿಲೆಯಲ್ಲಿ ಬೆಳಕು ಹಿಡಿಯುವ ಕೋಶಗಳೇ ಒಂದೊಂದಾಗಿ ಸಾಯುತ್ತವೆ. ಮೊದಲು ಅಂಚಿನವು, ಆಮೇಲೆ ಒಳಗಿನವು. ಸತ್ತದ್ದಕ್ಕೆ ಏನು ಹಾಕಿದರೂ ಸತ್ತದ್ದೇ. ಎಲ್ಲೋ ದೂರದ ಆಸ್ಪತ್ರೆಯಲ್ಲಿ ಇಂಥ ಪಾಚಿಯ ಗುಣವನ್ನೇ ತೆಗೆದು ಪೂರ್ತಿ ಕುರುಡಾದವರೊಬ್ಬರ ಕಣ್ಣಿನಲ್ಲಿ ಉಳಿದಿದ್ದ ಬೇರೆ ಕೋಶಗಳಿಗೆ ಸೇರಿಸಿದ್ದಾರೆ. ವಿಶೇಷ ಕನ್ನಡಕ ಹಾಕಿ ತಿಂಗಳುಗಟ್ಟಲೆ ಕಲಿತ ಮೇಲೆ ಅವರಿಗೆ ಮೇಜಿನ ಮೇಲೆ ಒಂದು ಪುಸ್ತಕ ಇದೆ ಅಂತ ಗೊತ್ತಾಯಿತಂತೆ. ಪುಸ್ತಕ ಇದೆ ಅಂತ, ಅಷ್ಟೇ. ಅದರಲ್ಲಿ ಏನಿದೆ ಅಂತಲ್ಲ. ಅದು ನಮ್ಮಂಥವರ ಬಾಗಿಲಿಗೆ ಯಾವಾಗ ಬರುತ್ತದೋ. ಕ್ಯಾರೆಟ್ ತಿನ್ನುವುದು ಬೇಡ ಅನ್ನುವುದಿಲ್ಲ. ಆದರೆ ಅದನ್ನು ನಂಬಿಕೊಂಡು ಯಾರೂ ಕೂರಬಾರದು.

ಗುಂಡಿಯಮ್ಮನ ಕಣ್ಣಿಗೆ ಏನೂ ಆಗಿಲ್ಲ ಅಂತ ನನಗೆ ಗೊತ್ತು, ಅಮ್ಮ.

ಕತ್ತರಿಸುವ ಮೇಜನ್ನು ನಾನು ಸರಿಸಿದ ದಿನ ನೀನು ಇಸ್ತ್ರಿಪೆಟ್ಟಿಗೆ ಹಿಡಿದು ಬಂದು ಅದಕ್ಕೆ ಎಡವಿದೆ. ಕೈ ಸುಟ್ಟಿತು. ಎಲ್ಲರ ಮುಂದೆ ನನ್ನ ಕೆನ್ನೆಗೆ ಹೊಡೆದೆ. ಆರು ವರ್ಷ ನಾನು ಅದನ್ನು ಕೋಪ ಅಂದುಕೊಂಡಿದ್ದೆ. ಈಗ ದಿನಾ ಅದನ್ನೇ ತಿರುವಿ ನೋಡುತ್ತಿದ್ದೇನೆ. ಹಗಲು ಹತ್ತು ಗಂಟೆ. ಆರು ಅಡಿ ಉದ್ದದ ಮೇಜು. ನೀನು ನೇರ ಮುಂದೆ ನೋಡುತ್ತಿದ್ದೆ, ಸೊಂಟದ ಪಕ್ಕದಲ್ಲಿದ್ದದ್ದು ನಿನಗೆ ಕಾಣಲಿಲ್ಲ.

ವಿಚಾರಣೆಗೆ ಇನ್ನು ಏಳು ವಾರ. ಮದುವೆ ಮುಗಿಯಲಿ. ಆಮೇಲಾದರೂ ಬರೆ.

ನಿನ್ನ ದೊಡ್ಡವಳು


ಆಗಸ್ಟ್ ೨೬

ದೊಡ್ಡವಳಿಗೆ,

ಮದುವೆ ಮುಗಿಯಿತು. ಈ ಕಾಗದವನ್ನು ಮೂರು ಹಗಲಿನಿಂದ ಬರೆಯುತ್ತಿದ್ದೇನೆ. ಮಧ್ಯಾಹ್ನ ಬಿಸಿಲು ಬಾಗಿಲಿಗೆ ಬರುವ ಒಂದು ಗಂಟೆ ಮಾತ್ರ ಬರೆಯಲು ಆಗುತ್ತದೆ. ಕೆಳಗಿನದನ್ನು ನಿನ್ನ ವೈದ್ಯರಿಗೆ ತೋರಿಸು.

ನನ್ನ ತಂದೆಗೆ ಮೂವತ್ತರಿಂದ ಇರುಳುಗುರುಡು. ನಲವತ್ತೈದಕ್ಕೆ ಪಕ್ಕದ್ದು ಕಾಣದಾಯಿತು. ಅರವತ್ತಕ್ಕೆ ಪೂರ್ತಿ ಹೋಯಿತು. ಬೀಗದ ಕೆಲಸವನ್ನು ಬೆರಳಿನಿಂದ ಮಾಡುತ್ತಿದ್ದರು. ಗಿರಾಕಿ ಬಂದಾಗ ಮುಂದೆ ದೀಪ ಹಚ್ಚಿಟ್ಟುಕೊಳ್ಳುತ್ತಿದ್ದರು, ಅದು ಗಿರಾಕಿಗೆ ತೋರಿಸಲು. ನನಗೆ ಇಪ್ಪತ್ತೊಂಬತ್ತಕ್ಕೆ ಶುರುವಾಯಿತು, ನೀನು ಹುಟ್ಟಿದ ವರ್ಷ. ಇಷ್ಟು ನಿಜ. ನನ್ನ ಸಹಿ ಕೆಳಗಿದೆ.

ಇನ್ನು ಮುಂದಿನದು ನಿನಗೆ.

ಅರ್ಧ ತೆರೆದ ಬಾಗಿಲು ಮನೆಗೆ ದರಿದ್ರ ಎಂದು ನಿಮಗೆಲ್ಲ ಹೇಳಿ ಬೆಳೆಸಿದೆ. ಅದು ನನ್ನ ಅಮ್ಮ ಕಟ್ಟಿದ ಮಾತು. ಅರ್ಧ ತೆರೆದ ಬಾಗಿಲ ಅಂಚು ಅಪ್ಪನ ಹಣೆಗೆ ಬಡಿಯುತ್ತಿತ್ತು. ಒಳಗೆ ಬಂದವರು ಮೊದಲು ಮಾತಾಡಬೇಕು ಎನ್ನುವುದು ಮರ್ಯಾದೆಗಲ್ಲ, ಬಂದವರು ಯಾರೆಂದು ತಿಳಿಯಲು. ಮುಕ್ಕಾಲಿ, ಕತ್ತರಿ, ಚೊಂಬು, ಎಲ್ಲ ಅಷ್ಟೇ. ನಾವು ಶಿಸ್ತು ಎಂದು ಹೇಳಿಕೊಂಡು ತಿರುಗಿದ್ದು ಅಪ್ಪನ ಊರುಗೋಲನ್ನು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂದು ನಗುತ್ತಾರೆ. ಎರಡು ತಲೆಮಾರು ಕುಡಿದೆವು, ಯಾರೂ ನೋಡಲಿಲ್ಲ.

ನನಗೆ ಈಗ ಎಷ್ಟು ಕಾಣುತ್ತದೆ ಎಂದರೆ, ದಾರದ ರೀಲಿನ ನಡುವಿನ ತೂತಿನಲ್ಲಿ ಕಣ್ಣಿಟ್ಟು ನೋಡಿದಷ್ಟು. ಅದರೊಳಗೆ ಸೂಜಿಯ ಕಣ್ಣು ಚೊಕ್ಕವಾಗಿ ಕಾಣುತ್ತದೆ. ಆದ್ದರಿಂದಲೇ ಎಲ್ಲರ ಮುಂದೆ ದಾರ ಪೋಣಿಸಿ ತೋರಿಸುತ್ತೇನೆ. ಈ ವರ್ಷ ಆ ತೂತೂ ಚಿಕ್ಕದಾಗುತ್ತಿದೆ. ಮೊನ್ನೆ ಗೋಡೆಯ ಮುಂದೆ ನಿಂತು ಬಾಗಿಲು ಹುಡುಕುತ್ತಿದ್ದೆ. ಗುಂಡಿಯಮ್ಮ ಹಿಂದಿನಿಂದ, "ಏನಮ್ಮಾವ್ರೇ, ಗೋಡೆ ಹತ್ರ ದಾರಿ ಕೇಳ್ತಿದ್ದೀರಾ?" ಅಂದಳು. "ಸುಣ್ಣ ಬಳಿಸಬೇಕು, ನೋಡ್ತಿದ್ದೀನಿ" ಅಂದೆ. ಒಂದು ನಿಮಿಷ ಬಿಟ್ಟು ಅವಳು ಬಂದು ನನ್ನ ಮೊಣಕೈ ಹಿಡಿದು ಬಾಗಿಲಿಗೆ ಕರೆದುಕೊಂಡು ಹೋದಳು. ಅವಳಿಗೆ ಎಷ್ಟು ದಿನದಿಂದ ಗೊತ್ತೋ.

ಮೇಜಿನ ವಿಷಯ. ನೀನು ಅದನ್ನು ಎಳೆದದ್ದು ಕಿಟಕಿಯ ಕಡೆಗೆ. ನಾನು ಬಟ್ಟೆಯ ಮೇಲೆ ಬಗ್ಗಿ ಬಗ್ಗಿ ನೋಡುವುದನ್ನು ಕಂಡು, ಅಮ್ಮನಿಗೆ ಇನ್ನಷ್ಟು ಬೆಳಕು ಬೀಳಲಿ ಎಂದು ಎಳೆದಿದ್ದೆ. ಇದು ಆಮೇಲೆ ಹೊಳೆದದ್ದಲ್ಲ. ಕೆನ್ನೆಗೆ ಹೊಡೆಯುವಾಗಲೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೊಡೆದೆ. ನನ್ನನ್ನು ಗಮನಿಸಿದವಳು ನೀನು. ನೀನು ಈ ಮನೆಯಲ್ಲಿ ಇನ್ನೊಂದು ವರ್ಷ ಇದ್ದಿದ್ದರೆ ಎಲ್ಲರ ಮುಂದೆ ಕೇಳುತ್ತಿದ್ದೆ.

ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಈ ಕಾಗದ ತೋರಿಸಿ ನಿನ್ನ ಕೆಲಸ ಉಳಿಸಿಕೋ. ತಲುಪಿತು ಎಂದು ಎರಡು ಸಾಲು ಬರೆ.

ಹೆತ್ತವಳು


ಸೆಪ್ಟೆಂಬರ್ ೨೯

ಅಮ್ಮನಿಗೆ,

ವಿಚಾರಣೆ ಮುಗಿಯಿತು. ನಿನ್ನ ಕಾಗದಕ್ಕಾಗಿ ಹದಿನೈದನೆಯ ತಾರೀಕಿನ ಬೆಳಗ್ಗೆವರೆಗೂ ಅಂಚೆ ಡಬ್ಬಿ ತೆಗೆದು ನೋಡಿದೆ. ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದೂ ಯಾಕೆ ನೋಡಿದೆ ಅಂತ ಈಗ ನನಗೇ ನಾಚಿಕೆ.

ಮುಖ್ಯಸ್ಥರು ಕೆಟ್ಟವರಲ್ಲ. "ಮನೆಯವರು ಯಾರಾದ್ರೂ ಒಂದ್ ಮಾತು ಹೇಳಿದ್ರೆ ಸಾಕಿತ್ತಲ್ಲಮ್ಮ" ಅಂದರು. ಮನೆಯವರು ಇಲ್ಲ ಅಂದಿದ್ದಾರೆ ಅಂತ ನಿನ್ನ ಜೂನ್ ತಿಂಗಳ ಕಾಗದದ ಮಾತನ್ನೇ ಹೇಳಿದೆ. ನಿಯಮದ ಪ್ರಕಾರ ಅಸಡ್ಡೆ ಅಂತ ಬರೆದರು.

ಕೊನೆಯ ದಿನ ನಾನೇ ಆ ಕೊಳವೆಗಳನ್ನು ಕುದಿಸಿ ಚೆಲ್ಲಬೇಕಾಯಿತು. ತಪ್ಪು ಹೆಸರಿನದನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕೂ ಮೊದಲು ಒಂದು ತಟ್ಟೆಗೆ ಸ್ವಲ್ಪ ಸುರಿದು ಪಕ್ಕದಿಂದ ದೀಪ ಹಿಡಿದೆ. ಪಾಪ, ಎಲ್ಲವೂ ಬೆಳಕಿನ ಕಡೆ ಹೊರಟವು. ಅಂಚಿಗೆ ಬಂದು ಸೇರುವವರೆಗೂ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಚೆಲ್ಲಿದೆ.

ಕೋಣೆ ಖಾಲಿ ಮಾಡುತ್ತಿದ್ದೇನೆ. ಹೊಸ ವಿಳಾಸ ಕೊಡುವುದಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಲೂ ಎದುರಿಗೆ ಯಾರಾದರೂ ಕಾಣಬೇಕು.

ಇನ್ನು ಬರೆಯುವುದಿಲ್ಲ.

ದೊಡ್ಡವಳು


ನವೆಂಬರ್ ೧೪

ದೊಡ್ಡವಳಿಗೆ,

ಅಕ್ಷರ ನನ್ನದಲ್ಲ. ಗುಂಡಿಯಮ್ಮ ಬರೆಯುತ್ತಿದ್ದಾಳೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ನಡುವೆ ತನ್ನ ಕಣ್ಣೀರು ಸೇರಿಸಬಾರದು ಎಂದು ಹೇಳಿದ್ದೇನೆ. ಅದನ್ನೂ ಬರೆದಳು.

ಇದರ ಜೊತೆಯಲ್ಲಿ ಇನ್ನೊಂದು ಕಾಗದ ಇಟ್ಟಿದ್ದೇನೆ. ಆಗಸ್ಟ್ ಇಪ್ಪತ್ತಾರನೆಯ ತಾರೀಕಿನದು. ಅದನ್ನು ಅವತ್ತೇ ಲಕೋಟೆಗೆ ಹಾಕಿ ಅಂಟಿಸಿದ್ದೆ. ನಿನಗೆ ಗೊತ್ತು, ಅಂಚೆಗೆ ಹಾಕಬೇಕಾದದ್ದು ಯಾವಾಗಲೂ ಬಾಗಿಲ ಬಲಗಡೆ ಹಲಗೆಯ ಮೇಲಿನ ತಗಡಿನ ಡಬ್ಬಿಗೆ. ಶುಕ್ರವಾರ ಮನೆಗೆ ಹೋಗುವಾಗ ಗುಂಡಿಯಮ್ಮ ಅದರಲ್ಲಿದ್ದದ್ದನ್ನು ಒಯ್ಯುತ್ತಾಳೆ. ಮೂವತ್ತು ವರ್ಷದಿಂದ ಆ ಡಬ್ಬಿ ಆ ಜಾಗ ಬಿಟ್ಟಿಲ್ಲ. ಬಾಗಿಲ ಚೌಕಟ್ಟಿನಿಂದ ಒಂದು ಗೇಣು, ಅಲ್ಲಿ ಕೈಚಾಚಿದರೆ ಡಬ್ಬಿಯ ಬಾಯಿ.

ಹೊಸ ಸೊಸೆ ಕೆಲಸಗೇಡಿಯಲ್ಲ. ಬಂದ ಎರಡನೆಯ ವಾರ ಅಂಗಡಿಯನ್ನೆಲ್ಲ ಒಪ್ಪ ಮಾಡಿದಳು. ತಗಡಿನ ಡಬ್ಬಿಯನ್ನು ಕಿಟಕಿಯ ಹತ್ತಿರ ಇಟ್ಟು, ಆ ಜಾಗಕ್ಕೆ ಹಳೆಯ ಅಳತೆ ಕಾಗದಗಳ ಪೆಟ್ಟಿಗೆ ತಂದಿಟ್ಟಳು. ಒಬ್ಬರು ಕೂಡ ನನಗೆ ಹೇಳಲಿಲ್ಲ, ಯಾಕೆಂದರೆ ಕಣ್ಣಿಗೆ ಕಾಣುವ ವಿಷಯವನ್ನು ಯಾರು ಹೇಳುತ್ತಾರೆ? ಬೇರೆ ಮನೆಯಿಂದ ಬಂದವಳಾಗಿದ್ದರೆ, ಇಲ್ಲಿ ಏನನ್ನೂ ಸರಿಸಬೇಡ ಎಂದು ಮೊದಲ ದಿನವೇ ಎಚ್ಚರಿಸುತ್ತಿದ್ದೆ. ಇವಳಿಗೆ ಹೇಳಲಿಲ್ಲ. ಹೇಳಿದರೆ ಯಾಕೆ ಅತ್ತೆ ಎಂದು ಕೇಳುತ್ತಾಳೆ, ಔಷಧಿ ಅಂಗಡಿಯವರ ಮಗಳು ಉತ್ತರ ಸಿಗುವವರೆಗೂ ಕೇಳುತ್ತಾಳೆ.

ನಾನು ಜಾಗ ನೋಡಿದೆ. ಲಕೋಟೆಯನ್ನು ಅಳತೆ ಕಾಗದಗಳ ನಡುವೆ ಇಳಿಬಿಟ್ಟೆ. ಶುಕ್ರವಾರ ಗುಂಡಿಯಮ್ಮ ಕಿಟಕಿಯ ಹತ್ತಿರದ ಡಬ್ಬಿ ನೋಡಿದಳು, ಖಾಲಿ.

ನಿನ್ನ ಸೆಪ್ಟೆಂಬರ್ ಕಾಗದವನ್ನು ಅವಳಿಂದ ಓದಿಸಿದೆ. ನನ್ನ ಕಾಗದ ಬರಲಿಲ್ಲ ಎಂದು ನೀನು ಬರೆದಿದ್ದೆ. ಅಷ್ಟೆಲ್ಲ ಬರೆದುಕೊಟ್ಟ ಮೇಲೂ ಬಂದಿಲ್ಲ ಎನ್ನುತ್ತಾಳಲ್ಲ, ನನ್ನ ಬಾಯಿಂದ ಎರಡನೆಯ ಸಲ ಕೇಳಬೇಕೇನೋ ಇವಳಿಗೆ ಎಂದುಕೊಂಡೆ. ಐದು ವಾರ ಸುಮ್ಮನಿದ್ದೆ. ಇದನ್ನು ಬರೆಯದೆಯೂ ಇರಬಹುದಿತ್ತು. ಬರೆಯುತ್ತಿದ್ದೇನೆ.

ನವೆಂಬರ್ ನಾಲ್ಕಕ್ಕೆ ಚಿಕ್ಕ ಮಕ್ಕಳ ಅಂಗಿಯ ಅಳತೆ ಹುಡುಕುವಾಗ ಲಕೋಟೆ ಸಿಕ್ಕಿತು. ಗುಂಡಿಯಮ್ಮ ಅದನ್ನು ತಂದು ನನ್ನ ಕೈಗಿಟ್ಟಳು. ಏನದು ಎಂದು ಕೇಳಿದೆ. "ಅಮ್ಮಾವ್ರೇ, ಅಕ್ಕನ ಕಾಗದ" ಅಂದಳು. ಬಂತೇ ಎಂದೆ. "ಹೋಗಿಲ್ಲ" ಅಂದಳು.

ನಿನ್ನ ಮುಖ್ಯಸ್ಥರಿಗೆ ಅವಳಿಂದಲೇ ಬರೆಸಿದೆ. ಅವರ ಉತ್ತರ ಎರಡು ಸಾಲಿನಲ್ಲಿ ಬಂತು. ತೀರ್ಮಾನವಾದ ವಿಷಯವನ್ನು ಮತ್ತೆ ತೆಗೆಯುವಂತಿಲ್ಲ, ಆಕೆಯ ವಿಳಾಸ ನಮ್ಮಲ್ಲಿಲ್ಲ. ಇದು ನಿನ್ನ ಹಳೆಯ ಕೋಣೆಗೆ ಹೋಗುತ್ತದೆ. ನೀನು ಅಲ್ಲಿಲ್ಲ ಎಂದು ನನಗೆ ಗೊತ್ತು.

ಸೊಸೆಗೆ ಈಗ ಮೂರು ತಿಂಗಳು. ಎಲ್ಲವನ್ನೂ ಅವಳಿಗೆ ಹೇಳಿದೆ, ನಿನ್ನ ತಮ್ಮನಿಗೂ ಹೇಳಿದೆ. ಅವನು ಎದ್ದು ಹೊರಗೆ ಹೋದ. ಅವಳು ಕೂತೇ ಇದ್ದಳು, ಉಸಿರು ಕೇಳುತ್ತಿತ್ತು. ಆಮೇಲೆ, "ಅತ್ತೆ, ನಂಗೆ ಮೊದಲೇ ಹೇಳಿದ್ರೆ ಆ ಡಬ್ಬಿ ಮುಟ್ತಾನೇ ಇರ್ಲಿಲ್ಲ" ಅಂದಳು. ನನಗೆ ಬೇರೆ ಮಾತಿನ ನಿರೀಕ್ಷೆಯಿತ್ತು. ಅವಳ ದೊಡ್ಡಪ್ಪ ಬಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗ ಅವಳು ತವರಿನಲ್ಲಿದ್ದಾಳೆ. ಬರುತ್ತಾಳೋ ಇಲ್ಲವೋ. ಹುಟ್ಟುವ ಮಗುವಿಗೆ ಏನಿರುತ್ತದೋ. ನಿನ್ನ ತಮ್ಮ ಸಂಜೆಯಾದರೆ ಕೋಣೆಯ ದೀಪ ಆರಿಸಿ, ಕೈಬೆರಳು ಮುಖದ ಮುಂದೆ ಹಿಡಿದು ಎಣಿಸುತ್ತಾನಂತೆ. ಗುಂಡಿಯಮ್ಮ ನೋಡಿದ್ದಾಳೆ.

ಸೂಜಿ ಈಗ ಅವಳೇ ಪೋಣಿಸುತ್ತಾಳೆ. ಮೂರು ಸಲ ಎಂಜಲು ಹಚ್ಚುತ್ತಾಳೆ. ನಾನು ಕಾಯುತ್ತೇನೆ.

ನಿನ್ನೆ ಎಲ್ಲರನ್ನೂ ಕರೆದು ಕತ್ತರಿಸುವ ಮೇಜನ್ನು ಕಿಟಕಿಯ ಕಡೆಗೆ ಎಳೆಸಿದೆ, ನೀನು ಎಳೆದಿದ್ದೆಯಲ್ಲ, ಅಲ್ಲಿಗೇ. ನೆಲದಲ್ಲಿ ಆಗಿನ ಗೀರು ಇನ್ನೂ ಇದೆಯಂತೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಅದರ ಮುಂದೆ ನಿಂತೆ. ಹಗಲು ಎಂದು ಗೊತ್ತಾಗುತ್ತದೆ. ಬೆಳಕಿದೆ. ನಿನ್ನ ಪಾಚಿಯ ಹಾಗೆ ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿದೆ. ಎಲ್ಲಾದರೂ ಒಂದು ಕಡೆ ಮರೆಯಾದರೆ ಕಿಟಕಿ ಯಾವ ಕಡೆ ಎಂದು ತಿಳಿದೀತು ಎಂದುಕೊಂಡೆ. ಎರಡು ಸುತ್ತು ತಿರುಗಿದೆ. ಎಲ್ಲ ಕಡೆಯೂ ಒಂದೇ ಬೂದಿ. ಕೊನೆಗೆ ಕೆನ್ನೆಗೆ ಬಿಸಿಲು ತಾಗಿದಾಗ ಅಲ್ಲಿ ನಿಂತೆ. ಅದನ್ನು ನೋಡಿದ್ದು ಕಣ್ಣಲ್ಲ, ಚರ್ಮ.

ಕೊನೆಯ ಸಾಲು ನಾನೇ ಬರೆಯುತ್ತೇನೆ. ಗುಂಡಿಯಮ್ಮ, ಪೆನ್ನು ಕೊಡು.


ಅಕ್ಕಾ, ನಾನು ಗುಂಡಿಯಮ್ಮ. ಅಮ್ಮಾವ್ರು ಒಳಗೆ ಹೋದ ಮೇಲೆ ಇಷ್ಟು ಸೇರಿಸುತ್ತಿದ್ದೇನೆ. ಮೇಲೆ ಕಪ್ಪಾಗಿ ಕಾಣುವುದು ಅವರು ಬರೆದ ಸಾಲು. ಅವರ ಕೈ ಖಾಲಿ ಜಾಗಕ್ಕೆ ಹೋಗಲಿಲ್ಲ, ನಾನು ಮೊದಲೇ ಬರೆದಿದ್ದ ಸಾಲುಗಳ ಮೇಲೆಯೇ ಬಿತ್ತು. ಒಂದಕ್ಷರವೂ ಬಿಡಿಸಿ ಓದಲು ಬರುವುದಿಲ್ಲ. ಬಹಳ ಹೊತ್ತು ಬರೆದರು. ಬೇರೆ ಹಾಳೆಯಲ್ಲಿ ಬರೆಯೋಣ, ಏನು ಬರೆದಿರಿ ಹೇಳಿ ಅಂದೆ.

"ಒಂದು ಸಲ ಬರೆದಿದ್ದೀನಿ, ಸಾಕು. ಅಂಟಿಸು" ಅಂದರು.

ಡಬ್ಬಿಗೆ ಹಾಕಲಿಲ್ಲ. ನಾನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಂಚೆಗೆ ಹಾಕುತ್ತಿದ್ದೇನೆ.